ನನ್ನ ಮೊದಲ ಪೋರ್ಟ್‌ಫೋಲಿಯೋ ಯಾರಾದರೂ ನೋಡಿ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಎರಡನೇ ವರ್ಷ ಈಗಷ್ಟೇ ಮುಗಿಸಿದ್ದೇನೆ. ರಜೆಯಲ್ಲಿ ಬೆಂಗಳೂರಿನ ಯಾವುದಾದರೂ ಚಿಕ್ಕ ಆಫೀಸಿನಲ್ಲಿ ಕೆಲಸ ಕಲಿಯುವ ಆಸೆ. ಅದಕ್ಕೆ ಎ3 ಅಳತೆಯಲ್ಲಿ 22 ಪುಟದ ಪೋರ್ಟ್‌ಫೋಲಿಯೋ, ಅಂದರೆ ನನ್ನ ಕೆಲಸಗಳ ಸಂಗ್ರಹ, ಮಾಡಿದ್ದೇನೆ. ನಮ್ಮ ಮನೆಯಲ್ಲಿ ಈ ಫೀಲ್ಡಿನವರು ಯಾರೂ ಇಲ್ಲ. ಸ್ನೇಹಿತರು ನೋಡಿ "ಚೆನ್ನಾಗಿದೆ ಕಣೇ" ಅಂತಾರೆ, ಅಷ್ಟೇ.

ನನಗೆ ತುಂಬಾ ಇಷ್ಟವಾದ ಕೆಲಸ ಅಂದರೆ ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಯ ಅಳತೆ ಚಿತ್ರಗಳು. ತೊಟ್ಟಿ ಮನೆ ಅದು. ಟೇಪಿನ ಒಂದು ತುದಿ ತಮ್ಮ ಹಿಡಿದ, ಇನ್ನೊಂದು ನಾನು. ಮೂರು ದಿನ ಅಳೆದೆವು. ಮರದ ಕಂಬ, ಜಗಲಿಯ ಎತ್ತರ, ತೊಟ್ಟಿಯಲ್ಲಿ ಬಿದ್ದ ಮಳೆನೀರು ಹೊರಗೆ ಹೋಗುವ ದಾರಿ, ಎಲ್ಲವನ್ನೂ 1:50ರಲ್ಲಿ (ನಿಜವಾದ ಅಳತೆಯ ಐವತ್ತರಲ್ಲಿ ಒಂದು ಪಾಲು) ಕೈಯಲ್ಲೇ ಬಿಡಿಸಿದ್ದೇನೆ. ಆದರೆ ಎ1 ಹಾಳೆಯನ್ನು ಸ್ಕ್ಯಾನ್ ಮಾಡಿ ಎ3ಗೆ ಇಳಿಸಿದ ಮೇಲೆ ಸೆಕ್ಷನ್ (ಮನೆಯನ್ನು ಸೀಳಿ ಒಳಗೆ ನೋಡಿದಂತೆ ತೋರಿಸುವ ಚಿತ್ರ) ಸತ್ತೇ ಹೋಯಿತು. ಕತ್ತರಿಸಿದ ಗೋಡೆಯ ದಪ್ಪ ಗೆರೆ, ಹಿಂದೆ ಕಾಣುವ ತೆಳು ಗೆರೆ ಎರಡೂ ಒಂದೇ ಥರ ಕಾಣುತ್ತಿವೆ. ಈಗ 1:50 ಅಂತ ಬರೆದರೆ ತಪ್ಪು, ಅಲ್ವಾ? ಸ್ಕೇಲ್ ಬಾರ್ (ಅಳತೆ ತೋರಿಸುವ ಪಟ್ಟಿ) ಹಾಕಿದರೆ ಸಾಕಾ, ಇಲ್ಲ ಪೂರ್ತಿ ಮತ್ತೆ ಬಿಡಿಸಬೇಕಾ?

ಇನ್ನೊಂದು ಕೆಲಸ, ಚಿಕ್ಕ ಕೆಫೆಯ ಇಂಟೀರಿಯರ್. ಅದರಲ್ಲಿ ರೆಂಡರ್‌ಗಳೇ (ಕಂಪ್ಯೂಟರಿನಲ್ಲಿ ಮಾಡಿದ, ಫೋಟೋದಂಥ ಚಿತ್ರಗಳು) ಐದು ಪುಟ ಇವೆ. ನನ್ನ ಯೋಚನೆ ಇರುವುದು ರಟ್ಟಿನ ಮಾಡೆಲ್ ಮತ್ತು ಒರಟು ಸ್ಕೆಚ್‌ಗಳಲ್ಲಿ. ರೆಂಡರ್ ಕಡಿಮೆ ಮಾಡಿ ಅವನ್ನೇ ಹಾಕೋಣ ಅನ್ನಿಸುತ್ತಿದೆ.

ಆರ್ಕಿಟೆಕ್ಟ್‌ಗಳು, ಇಂಟೀರಿಯರ್ ಡಿಸೈನರ್‌ಗಳು, ಮೇಷ್ಟ್ರುಗಳು ಯಾರಾದರೂ ಇದ್ದರೆ ದಯವಿಟ್ಟು ಇಲ್ಲೇ ಹೇಳಿ, ಪಿಡಿಎಫ್ ಕಳಿಸುತ್ತೇನೆ. ಸುಮ್ನೆ ಹೊಗಳಬೇಡಿ. ಯಾವ ಪುಟ ಕಿತ್ತು ಹಾಕಬೇಕು ಅಂತ ಹೇಳಿದರೂ ನನಗೆ ದೊಡ್ಡ ಉಪಕಾರ.