ಉಪ್ಪು ನೀರಿನಲ್ಲಿ ಅಗಸೆ ಮೊಳೆಯುತ್ತಿಲ್ಲ. ಬೀಜ ಸತ್ತಿದೆಯಾ?

ಪ್ರಶ್ನೆ
ಪೆಟ್ರಿ ಡಿಶ್‌ನಲ್ಲಿ ಫಿಲ್ಟರ್ ಪೇಪರ್ ಹಾಸಿ ಅಗಸೆ ಬೀಜ ಇಟ್ಟಿದ್ದೇನೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಲೀಟರಿಗೆ 6 ಗ್ರಾಂ ಉಪ್ಪು ಕರಗಿಸಿದ ನೀರು. ಬರೀ ನೀರಿನಲ್ಲಿ ಚೆನ್ನಾಗಿ ಮೊಳೆತಿವೆ. ಉಪ್ಪಿನದ್ದರಲ್ಲಿ ತಡವಾಗಿ ಅರ್ಧದಷ್ಟು ಬಂದವು. ಬೇರು ಗಿಡ್ಡ, ತುದಿ ಕಂದು. ಉಳಿದವಕ್ಕೆ ಸುತ್ತಲೂ ಲೋಳೆ ಬಂದಿದೆ, ಮೊಳಕೆ ಮಾತ್ರ ಇಲ್ಲ. ಅವು ಸತ್ತಿವೆಯಾ? ಚೌಳು ನೆಲಕ್ಕೆ ಅಗಸೆ ಆಗೋದೇ ಇಲ್ವಾ?

ಉತ್ತರ 1
ದಯವಿಟ್ಟು ಎಸೆಯಬೇಡಿ! ಬೀಜ ಪರೀಕ್ಷೆ ನನ್ನ ದಿನನಿತ್ಯದ ಕೆಲಸ. ಲೋಳೆ ನೋಡಿ ಏನೂ ಹೇಳೋಕಾಗಲ್ಲ. ಅದು ಸಿಪ್ಪೆಯಲ್ಲೇ ಇರುವಂಥದ್ದು, ನೀರು ತಾಗಿದರೆ ಸತ್ತ ಬೀಜಕ್ಕೂ ಬರುತ್ತದೆ. ಮೊಳೆಯದ ಬೀಜಗಳನ್ನು ಮೆಲ್ಲಗೆ ತೊಳೆದು, ಹೊಸ ಪೇಪರ್ ಮೇಲೆ ಬರೀ ನೀರಿನಲ್ಲಿ ಇಡಿ. ಈಗ ಮೊಳೆತರೆ ಅವಕ್ಕೆ ಆಗಿದ್ದು ನೀರಿನ ಬರ ಅಷ್ಟೇ. ಉಪ್ಪು ಕರಗಿದ ನೀರನ್ನು ಬೀಜ ಎಳೆದುಕೊಳ್ಳೋದು ಕಷ್ಟ, ಅದಕ್ಕೇ ತಡ.

ಕಂದು ತುದಿಯ ಕಥೆ ಬೇರೆ. ಅಲ್ಲಿ ಸೋಡಿಯಂ, ಕ್ಲೋರೈಡ್ ಒಳಗೇ ಸೇರಿ, ಪೊಟ್ಯಾಸಿಯಂಗೆ ಜಾಗ ಸಿಗದೆ ತೊಂದರೆ ಆಗಿರಬಹುದು. ಖಾತ್ರಿ ಬೇಕಾ? ಮೂರನೇ ಡಿಶ್‌ಗೆ ಲೀಟರ್ ನೀರಿಗೆ ಸುಮಾರು 34 ಗ್ರಾಂ ಮ್ಯಾನಿಟಾಲ್ (ಸಕ್ಕರೆಯಂಥ ಒಂದು ಪದಾರ್ಥ) ಕರಗಿಸಿ ಹಾಕಿ. ನೀರು ಎಳೆಯೋಕೆ ಹೆಚ್ಚುಕಡಿಮೆ ಅಷ್ಟೇ ಕಷ್ಟ, ಆದರೆ ಸೋಡಿಯಂ ಇಲ್ಲ. ಅಲ್ಲಿ ಬೇರಿನ ತುದಿ ಬೆಳ್ಳಗಿದ್ದು ಉಪ್ಪಿನಲ್ಲಿ ಮಾತ್ರ ಕಂದಾದರೆ, ಅದು ನೀರಿನ ಬರ ಅಲ್ಲ, ಉಪ್ಪಿನದ್ದೇ ಕೆಲಸ ಅಂತ ಗೊತ್ತಾಯ್ತಲ್ವಾ? ಎಷ್ಟು ಮೊಳೆತವು ಅಂತ ಎಣಿಸಿ ಸುಮ್ಮನಾಗಬೇಡಿ, ಬೇರಿನ ಉದ್ದವನ್ನೂ ಅಳೆಯಿರಿ. ಮೊಳೆತದ್ದೆಲ್ಲ ಸಸಿ ಆಗೋದಿಲ್ಲ.

ಇನ್ನೊಂದು ಮಾತು: ಡಿಶ್ ಮುಚ್ಚಿಡಿ. ನೀರು ಆರಿದಷ್ಟೂ ಉಳಿದ ನೀರು ಹೆಚ್ಚು ಉಪ್ಪಾಗುತ್ತದೆ.

ಉತ್ತರ 2
ನಿಮ್ಮ ದ್ರಾವಣದ ಇ.ಸಿ. (ವಿದ್ಯುತ್ ಹರಿಯುವ ಪ್ರಮಾಣ, ಅದರಿಂದ ಉಪ್ಪಿನಂಶ ಅಳೆಯುತ್ತಾರೆ) ಮೀಟರಿಗೆ 10 ಡೆಸಿಸೀಮನ್ಸ್ ಆಸುಪಾಸು. ಅಗಸೆಗೆ ಅದು ಜಾಸ್ತಿಯಾಯ್ತು. ಯಾವ ಬೆಳೆ ಎಷ್ಟು ಉಪ್ಪು ತಡೆಯುತ್ತೆ ಅಂತ ವಿಜ್ಞಾನಿಗಳಾದ ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಕೊಟ್ಟ ಪಟ್ಟಿ ಪ್ರಕಾರ, ಮಣ್ಣಿನ ಸಾರದ (ನೆನೆಸಿದ ಮಣ್ಣಿನಿಂದ ಹೊರತೆಗೆದ ನೀರಿನ) ಇ.ಸಿ. 1.7 ದಾಟಿದ ಮೇಲೆ ಒಂದೊಂದು ಡೆಸಿಸೀಮನ್ಸ್‌ಗೂ ಅಗಸೆ ಇಳುವರಿ ಸುಮಾರು 12% ಇಳಿಯುತ್ತದೆ. ಅದು ಇಳುವರಿಯ ಲೆಕ್ಕ, ಮೊಳಕೆಯದ್ದಲ್ಲ. ಹೊಲದಲ್ಲಿ ಕಷ್ಟ ಏನಂದ್ರೆ, ಅಗಸೆಯನ್ನು 2-3 ಸೆಂ.ಮೀ. ಆಳಕ್ಕೆ ಬಿತ್ತುತ್ತೇವೆ, ನೆಲ ಒಣಗುವಾಗ ಉಪ್ಪು ಮೇಲೆದ್ದು ಕೂರೋದೂ ಅಲ್ಲೇ. ಬಿತ್ತುವ ಮೊದಲು ಒಳ್ಳೆ ನೀರು ಕಟ್ಟಿ ಉಪ್ಪನ್ನು ಕೆಳಗಿಳಿಸಿ. ನೀರು ಬಸಿದು ಹೋಗೋಕೆ ದಾರಿ ಇರಲೇಬೇಕು. ಬದು-ಸಾಲು ಮಾಡಿದ್ದರೆ ಬದುವಿನ ನೆತ್ತಿ ಬಿಟ್ಟು ಪಕ್ಕಕ್ಕೆ ಬಿತ್ತಿ. ನೆತ್ತಿಯಲ್ಲೇ ಉಪ್ಪು ಜಾಸ್ತಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ ಆಯ್ತು. ಬೀಜ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತಾ?

ಉತ್ತರ 1
ಬೇರೆ ಬೀಜಕ್ಕೆ ಸರಿ. ಅಗಸೆ ನೆನೆಸಿದರೆ ಲೋಳೆಗೆ ಒಂದಕ್ಕೊಂದು ಅಂಟಿ ಮುದ್ದೆ ಆಗುತ್ತದೆ, ಬಿಡಿಸೋಕೇ ಆಗಲ್ಲ. ಒಣ ಬೀಜವನ್ನೇ ಹದ ಇರುವ ಮಣ್ಣಿಗೆ ಬಿತ್ತಿ. ತೊಳೆದಿಟ್ಟ ಬೀಜ ಏನಾಯ್ತು ಅಂತ ಇಲ್ಲೇ ತಿಳಿಸಿ.