ಸಹಾಯ ಬೇಕು: ಜಪಾನಿನ ರಾಜಮನೆತನದ ಗೌರವಸೂಚಕಗಳಿಗೆ ಕನ್ನಡದಲ್ಲಿ ಏನೆನ್ನಬಹುದು?

ಎಲ್ಲರಿಗೂ ನಮಸ್ಕಾರ. ಜಪಾನಿನ ಚಕ್ರವರ್ತಿ ಅಕಿಹಿತೋ ಅವರು 2019ರಲ್ಲಿ ಪಟ್ಟ ತ್ಯಜಿಸಿದ ಕುರಿತ ಜಪಾನಿ ಲೇಖನವೊಂದನ್ನು ಕನ್ನಡಿಸುತ್ತಿದ್ದು, ಗೌರವಸೂಚಕಗಳ ವಿಷಯದಲ್ಲಿ ತೊಡಕಿಗೆ ಸಿಲುಕಿದ್ದೇನೆ.

ಅಲ್ಲಿನ 1947ರ ರಾಜಮನೆತನದ ಕಾನೂನಿನಂತೆ ಚಕ್ರವರ್ತಿ, ಚಕ್ರವರ್ತಿನಿ ಹಾಗೂ ರಾಜಮಾತೆಯರಿಗೆ ‘ಹೇಕಾ’ ಎಂಬುದೂ ಮನೆತನದ ಉಳಿದವರಿಗೆ ‘ದೆಂಕಾ’ ಎಂಬುದೂ ಸಲ್ಲುತ್ತವೆ. ಎರಡಕ್ಕೂ ‘ಮಹಾಪ್ರಭು’ ಎಂದು ಬರೆದರೆ ಮೂಲದ ಅಂತರವೇ ಅಳಿಸಿಹೋಗುತ್ತದೆ. ‘ಹೇಕಾ’ ಪದದ ಅಕ್ಷರಾರ್ಥ ‘ಸಿಂಹಾಸನದ ಮೆಟ್ಟಿಲುಗಳ ಕೆಳಗೆ’. ಅಂದರೆ ದೊರೆಯನ್ನು ನೇರವಾಗಿ ಉದ್ದೇಶಿಸದೆ, ಮೆಟ್ಟಿಲ ಬುಡದಲ್ಲಿ ನಿಂತ ಸೇವಕನ ಮೂಲಕ ಅರಿಕೆ ಮಾಡಿಕೊಳ್ಳುವ ಭಾವ. ನಮ್ಮ ‘ಸನ್ನಿಧಾನ’, ‘ಶ್ರೀಪಾದಂಗಳವರು’ ಇದಕ್ಕೆ ಹತ್ತಿರವೆನಿಸಿದರೂ, ಅವು ಓದುಗರನ್ನು ಮಠದ ಅಂಗಳಕ್ಕೆ ಕರೆದೊಯ್ದಾವೆಂಬ ಅಳುಕು ನನಗಿದೆ.

ಆಳುತ್ತಿರುವ ಚಕ್ರವರ್ತಿಯನ್ನು ಜಪಾನೀಯರು ಹೆಸರು ಹಿಡಿಯದೆ ‘ತೆನ್ನೋ ಹೇಕಾ’ ಎನ್ನುತ್ತಾರೆ. ಹಾಗಿರುವಾಗ ಅನುವಾದದಲ್ಲಿ ‘ನರುಹಿತೋ’ ಎಂದು ಸೇರಿಸುವುದು ಸರಿಯೇ? ಪಟ್ಟ ಬಿಟ್ಟ ಅಕಿಹಿತೋ ಅವರ ಬಿರುದು ‘ಜೋಕೋ’. ಇದಕ್ಕೆ ‘ಮಾಜಿ ಚಕ್ರವರ್ತಿ’ ಎಂದರೆ ಚುನಾವಣೆಯಲ್ಲಿ ಸೋತ ಶಾಸಕರಂತೆ ಕೇಳಿಸುತ್ತದೆ; ‘ಹಿರಿಯ ಚಕ್ರವರ್ತಿ’ ಎನ್ನಬಹುದೇ? ಜಪಾನಿ ಬಲ್ಲವರು, ಹಳೆಯ ಮೈಸೂರು ಅರಮನೆಯ ಒಕ್ಕಣೆಯ ಪರಿಚಯವುಳ್ಳವರು ದಯವಿಟ್ಟು ಸೂಕ್ತ ಪದಗಳನ್ನು ಸೂಚಿಸಬೇಕಾಗಿ ವಿನಂತಿ.