ಲೈನ್ ಮನೆ ಮಕ್ಕಳ ಓದುಮನೆಗೆ ಕುಟುಂಬ ಪ್ರತಿಷ್ಠಾನದ ನೆರವು ಕೇಳುವುದು ಹೇಗೆ?

ಪ್ರಶ್ನೆ (ಸಕಲೇಶಪುರ ತಾಲ್ಲೂಕಿನ ಸದಸ್ಯೆ):

ಅಕ್ಕ, ನಮಸ್ಕಾರ. ಹಾನುಬಾಳು ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ (ತೋಟದ ಸಾಲು ಮನೆಗಳು) ಕಾರ್ಮಿಕರ ಮಕ್ಕಳಿಗಾಗಿ ನಾವು ಸಂಜೆಯ ಓದುಮನೆ ನಡೆಸುತ್ತಿದ್ದೇವೆ. 2019ರಲ್ಲಿ ಟ್ರಸ್ಟ್ ನೋಂದಣಿಯಾಯಿತು. ಎರಡು ಕಡೆ ಸೇರಿ 46 ಮಕ್ಕಳು, ಇಬ್ಬರು ಶಿಕ್ಷಕಿಯರು. ವರ್ಷಕ್ಕೆ ಸುಮಾರು 3 ಲಕ್ಷ 60 ಸಾವಿರ ರೂಪಾಯಿ ಖರ್ಚು. ಇದುವರೆಗೆ ಸುತ್ತಲಿನ ಬೆಳೆಗಾರರು, ಸ್ನೇಹಿತರು ಕೊಟ್ಟದ್ದರಲ್ಲಿಯೇ ನಡೆದಿದೆ. ಈ ವರ್ಷ ಸ್ವಂತ ಕಟ್ಟಡಕ್ಕೆಂದು 25 ಲಕ್ಷ ಕೇಳಿ ಬೆಂಗಳೂರು, ಮುಂಬೈಯ ಮೂವತ್ತು ಪ್ರತಿಷ್ಠಾನಗಳಿಗೆ ಒಂದೇ ಪತ್ರ ಕಳಿಸಿದೆವು. ಇಬ್ಬರು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬರೆದರು. ಉಳಿದವರಿಂದ ಉತ್ತರವೇ ಇಲ್ಲ. ಈಗ ಒಬ್ಬರು ‘ನಾನು ಹಣ ಕೊಡಿಸುತ್ತೇನೆ, ಬಂದದ್ದರಲ್ಲಿ ಶೇ 10 ನನಗೆ’ ಎನ್ನುತ್ತಿದ್ದಾರೆ. ಒಪ್ಪಬಹುದೇ? ನಾವು ಎಡವಿದ್ದು ಎಲ್ಲಿ? ನಮ್ಮ ಪತ್ರ, ಆ ಮೂವತ್ತು ಪ್ರತಿಷ್ಠಾನಗಳ ಹೆಸರು ಮತ್ತು ಖರ್ಚಿನ ಪಟ್ಟಿಯನ್ನು ನಿಮಗೆ ಕಳಿಸಿದ್ದೇನೆ.

ಉತ್ತರ:

ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಒಪ್ಪಬೇಡಿ. ಮಕ್ಕಳ ಪುಸ್ತಕಕ್ಕೆಂದು ಕೊಟ್ಟ ಹಣದಲ್ಲಿ ಹತ್ತರಲ್ಲೊಂದು ಪಾಲು ಮಧ್ಯವರ್ತಿಗೆ ಹೋಯಿತೆಂದು ಲೆಕ್ಕದಲ್ಲಿ ಹೇಗೆ ತೋರಿಸುತ್ತೀರಿ? ತೋರಿಸದಿದ್ದರೆ ಅದು ಸುಳ್ಳು ಲೆಕ್ಕ. ಅರ್ಜಿ ಬರೆಯಲು ನೆರವು ಬೇಕಿದ್ದರೆ ಈ ಕೆಲಸಕ್ಕೆ ಇಷ್ಟು ಎಂದು ಮೊದಲೇ ಮಾತಾಡಿ, ನಿಮ್ಮದೇ ನಿಧಿಯಿಂದ ರಸೀದಿ ಪಡೆದು ಕೊಡಿ. ಅನುದಾನ ಬಂದರೂ ಬರದಿದ್ದರೂ ಮೊತ್ತ ಅದೇ ಇರಬೇಕು.

ಇನ್ನು ಪತ್ರ. ಬೆಂಗಳೂರಿನ ಒಂದು ಕುಟುಂಬ ಪ್ರತಿಷ್ಠಾನದಲ್ಲಿ ಹದಿನಾಲ್ಕು ವರ್ಷ ಅರ್ಜಿಗಳನ್ನು ಓದಿದವಳು ನಾನು. ಮೂವತ್ತು ಜನರಿಗೆ ಬರೆದ ಪತ್ರ ಯಾರಿಗೂ ಬರೆದದ್ದಲ್ಲ ಎಂಬುದು ಮೊದಲ ಸಾಲಿನಲ್ಲಿಯೇ ತಿಳಿಯುತ್ತದೆ. ಕುಟುಂಬ ಪ್ರತಿಷ್ಠಾನ ಸರ್ಕಾರಿ ಯೋಜನೆಯಂತಲ್ಲ. ಅರ್ಹತೆ ಇದ್ದವರಿಗೆಲ್ಲ ಕೊಡಬೇಕೆಂಬ ಕಟ್ಟಳೆ ಅದಕ್ಕಿಲ್ಲ. ಅಲ್ಲಿ ಹಣದ ಹಿಂದೆ ಒಂದು ಮನೆತನದ ನೆನಪು, ನೋವು, ಇಲ್ಲವೇ ಹಂಬಲ ಇರುತ್ತದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷವೇ ಆಕೆಯ ನೆನಪಿನಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಹುಟ್ಟಿತು. ಅದು ಬೆಂಬಲಿಸುತ್ತ ಬಂದದ್ದು ಮುಖ್ಯವಾಗಿ ಅದೇ ಕಾಯಿಲೆಯ ಸಂಶೋಧನೆಯನ್ನು. ನಮ್ಮ ಬೆಂಗಳೂರಿನ ಅರ್ಘ್ಯಂ ಸಂಸ್ಥೆಯನ್ನು ರೋಹಿಣಿ ನಿಲೇಕಣಿಯವರು ತಮ್ಮ ಸ್ವಂತ ಹಣದಿಂದ ಕಟ್ಟಿದ್ದು ನೀರಿನ ಕೆಲಸಕ್ಕೆಂದು. ಅಲ್ಲಿಗೆ ಓದುಮನೆಯ ಅರ್ಜಿ ಹೋದರೆ, ಓದುಮನೆ ಎಷ್ಟೇ ಚೆನ್ನಾಗಿದ್ದರೂ, ಅವರು ಏನು ಮಾಡಲಾದೀತು?

ಆದ್ದರಿಂದ ಮೂವತ್ತನ್ನು ಐದಕ್ಕೆ ಇಳಿಸಿ. ಪ್ರತಿಯೊಂದರ ಜಾಲತಾಣ, ವಾರ್ಷಿಕ ವರದಿ ತೆರೆದು, ಕಳೆದ ಮೂರು ವರ್ಷಗಳಲ್ಲಿ ಯಾರಿಗೆ, ಯಾವ ಊರಿನಲ್ಲಿ, ಎಷ್ಟು ಕೊಟ್ಟಿದ್ದಾರೆಂದು ಬರೆದುಕೊಳ್ಳಿ. ಅವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಯಾರಿಗೆ ಕೊಟ್ಟಿದ್ದಾರೆ ಎನ್ನುವುದನ್ನು ನಂಬಿ. ಹಣ ಪಡೆದ ಸಂಸ್ಥೆಯೊಂದಕ್ಕೆ ಫೋನ್ ಮಾಡಿ ಕೇಳಿ; ಹೆಚ್ಚಿನವರು ಮನಸ್ಸು ಬಿಚ್ಚಿ ಹೇಳುತ್ತಾರೆ. ಎಷ್ಟೋ ಪ್ರತಿಷ್ಠಾನಗಳು ತಾವಾಗಿ ಕರೆಯದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅಂಥ ಕಡೆ ಒಂದೇ ಪುಟದ ಪರಿಚಯ ಪತ್ರ ಸಾಕು, ಅದರಲ್ಲಿ ಹಣ ಕೇಳಬೇಡಿ, ಬಂದು ನೋಡಿ ಎಂದು ಕರೆಯಿರಿ. ನಮ್ಮ ಮಲೆನಾಡಿನ ಹಳೆಯ ತೋಟದ ಮನೆತನಗಳಲ್ಲಿ ಹಿರಿಯರ ಹೆಸರಿನ ಸಣ್ಣ ಟ್ರಸ್ಟುಗಳಿವೆ, ಜಾಲತಾಣ ಇರುವುದಿಲ್ಲ. ಅಲ್ಲಿಗೆ ದಾರಿ, ಈಗಾಗಲೇ ನಿಮಗೆ ಕೊಡುತ್ತಿರುವ ಬೆಳೆಗಾರರ ಮೂಲಕವೇ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಹೆಸರಿನಲ್ಲಿ ‘ಫೌಂಡೇಶನ್’ ಇದ್ದ ಮಾತ್ರಕ್ಕೆ ಅದು ಕುಟುಂಬದ್ದಲ್ಲ. 1996ರಲ್ಲಿ ಹುಟ್ಟಿದ ಇನ್ಫೋಸಿಸ್ ಫೌಂಡೇಶನ್ ಕಂಪನಿಯದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣಕ್ಕೆ 2013ರ ಕಂಪನಿ ಕಾಯ್ದೆಯ ಕಟ್ಟುಪಾಡುಗಳಿವೆ: ಸಂಸ್ಥೆಗೆ ಮೂರು ವರ್ಷಗಳ ಕೆಲಸದ ದಾಖಲೆ ಇರಬೇಕು, ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು, ಕಂಪನಿ ತನ್ನ ಕಾರ್ಖಾನೆ, ಕಚೇರಿಗಳ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಮನೆತನದ ಸ್ವಂತ ಹಣಕ್ಕೆ ಇವು ಅನ್ವಯಿಸುವುದಿಲ್ಲ. ನೀವು ಕಳಿಸಿದ ಮೂವತ್ತರಲ್ಲಿ ಹನ್ನೊಂದು ಹೆಸರುಗಳು ಕಂಪನಿಗಳದ್ದೇ.

ಈಗ ಕಟ್ಟಡ. ವರ್ಷಕ್ಕೆ ಮೂರೂವರೆ ಲಕ್ಷದಷ್ಟು ನಿಭಾಯಿಸುವ ಸಂಸ್ಥೆ ಪರಿಚಯವೇ ಇಲ್ಲದವರ ಬಳಿ 25 ಲಕ್ಷ ಕೇಳಿದರೆ ಓದುವವರಿಗೆ ಭಯವಾಗುತ್ತದೆ. ಜಾಗ ಯಾರದು? ತೋಟದ ಮಾಲೀಕರದ್ದಾದರೆ, ನಾಳೆ ತೋಟ ಮಾರಾಟವಾದರೆ ಕಟ್ಟಡದ ಗತಿ ಏನು? ಪತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಮೊದಲ ವರ್ಷ ಕಟ್ಟಡ ಬಿಟ್ಟು, ಓದುಮನೆ ನಡೆಸುವ ಖರ್ಚನ್ನು ಕೇಳಿ. ಒಂದು ವರ್ಷ ಅವರ ಹಣ ನಿಮ್ಮ ಕೈಯಲ್ಲಿ ಹೇಗೆ ಉಳಿಯಿತು, ಹೇಗೆ ಖರ್ಚಾಯಿತು ಎಂದು ನೋಡಿದ ಮೇಲೆ ಕಟ್ಟಡದ ಮಾತು ಅವರೇ ಎತ್ತಿದ್ದನ್ನು ಕಂಡಿದ್ದೇನೆ.

ಖರ್ಚಿನ ಪಟ್ಟಿಯ ಮೇಲೆ ನನಗೆ ಅಕ್ಕರೆ ಹೆಚ್ಚು, ಅರ್ಜಿಯಲ್ಲಿ ಮೊದಲು ನೋಡುತ್ತಿದ್ದುದು ಅದನ್ನೇ. ನಿಮ್ಮ ಪಟ್ಟಿಯಲ್ಲಿ ಮೂರೇ ಸಾಲು: ಗೌರವಧನ 2,16,000, ಉಪಾಹಾರ 80,960, ಇತರೆ 65,000. ಉಪಾಹಾರದ ಮೊತ್ತ ಎಲ್ಲಿಂದ ಬಂತೆಂದು ನಾನೇ ಲೆಕ್ಕ ಹಾಕಿ ನೋಡಿದೆ. 46 ಮಕ್ಕಳು, 220 ದಿನ, ದಿನಕ್ಕೆ 8 ರೂಪಾಯಿ. ಸರಿಯಾಗಿ ಕೂಡಿತು! ಆ ಲೆಕ್ಕವನ್ನು ಪಟ್ಟಿಯಲ್ಲಿಯೇ ಬರೆಯಿರಿ. ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆ ಎಂದು ಪಕ್ಕದಲ್ಲಿ ಇರಲಿ. ‘ಇತರೆ’ ಎಂಬ ಸಾಲು ಒಡೆದು ಪುಸ್ತಕಕ್ಕೆ ಎಷ್ಟು, ಆಡಿಟರಿಗೆ ಎಷ್ಟು ಎಂದು ತೋರಿಸಿ. ನಿಮ್ಮ ದುಡಿಮೆಗೆ ಒಂದು ಪೈಸೆಯನ್ನೂ ಹಾಕಿಲ್ಲ. ಅದು ತ್ಯಾಗವೇ ಇರಬಹುದು. ಆದರೆ ನೀವು ಕಾಯಿಲೆ ಬಿದ್ದರೆ ಓದುಮನೆ ನಡೆಸಲು ಇನ್ನೊಬ್ಬರನ್ನು ಇಡಬೇಕಲ್ಲವೇ? ಅವರಿಗೆ ಕೊಡಬೇಕಾದಷ್ಟನ್ನು ಸಂಯೋಜಕರ ಸಂಬಳವೆಂದು ನಾಚಿಕೆಯಿಲ್ಲದೆ ಬರೆಯಿರಿ. ಆಡಳಿತ ವೆಚ್ಚವನ್ನು ಮರೆಮಾಚಿದ ಪಟ್ಟಿಗಿಂತ ತೋರಿಸಿದ ಪಟ್ಟಿಯ ಮೇಲೆ ನಂಬಿಕೆ ಬರುತ್ತದೆ.

ಪ್ರಶ್ನೆ (ಬೇಲೂರಿನ ಸದಸ್ಯ):

ಮೇಡಂ, ನಮ್ಮದು ಯುವಕ ಸಂಘ. ಸಂಘಗಳ ನೋಂದಣಿ ಆಗಿದೆ, ಆದರೆ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿ ಕೊಡುವ 12ಎ ನೋಂದಣಿ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಇಲ್ಲ. ಅರ್ಜಿ ಹಾಕಬಹುದೇ?

ಉತ್ತರ:

ಮೊದಲು 12ಎ ಮಾಡಿಸಿಕೊಳ್ಳಿ. ಪ್ರತಿಷ್ಠಾನವೂ ಹೆಚ್ಚಾಗಿ ಟ್ರಸ್ಟೇ. ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ತಾನು ಕೊಟ್ಟ ಹಣ ನೋಂದಾಯಿತ ಸಂಸ್ಥೆಗೇ ಹೋಗಿದೆ ಎಂದು ಅದು ತೋರಿಸಬೇಕು. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಾದ ಮೇಲಂತೂ ಒಂದು ಟ್ರಸ್ಟ್ ಇನ್ನೊಂದಕ್ಕೆ ಕೊಟ್ಟದ್ದರಲ್ಲಿ ಶೇ 85ನ್ನು ಮಾತ್ರ, ತೆರಿಗೆ ಲೆಕ್ಕದಲ್ಲಿ, ಸತ್ಕಾರ್ಯಕ್ಕೆ ಮಾಡಿದ ವಿನಿಯೋಗವೆಂದು ಪರಿಗಣಿಸುತ್ತಾರೆ. ಹೀಗಾಗಿ ಕೊಡುವವರು ಕಾಗದಪತ್ರಗಳನ್ನು ಇನ್ನಷ್ಟು ಎಚ್ಚರದಿಂದ ನೋಡುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಜನ ಹಳೆಯ ಹೆಸರಿನಲ್ಲಿಯೇ ಕೇಳುತ್ತಾರೆ. ನೋಂದಣಿ ಪತ್ರ, ಪ್ಯಾನ್, ಮೂರು ವರ್ಷಗಳ ಆಡಿಟ್ ವರದಿ, ಎನ್‌ಜಿಒ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಜಾಲತಾಣ) ಸಂಖ್ಯೆ, ಪದಾಧಿಕಾರಿಗಳ ಪಟ್ಟಿ ಇವೆಲ್ಲ ಒಂದು ಕಡತದಲ್ಲಿ ಸಿದ್ಧವಿರಲಿ. ಸಕಲೇಶಪುರದವರೂ ಗಮನಿಸಿ: 12ಎ ಈಗ ಶಾಶ್ವತವಲ್ಲ, ಅವಧಿ ಮುಗಿಯುವ ಆರು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಆಡಿಟರ್ ನೋಡಿಕೊಳ್ಳುತ್ತಾರೆಂದು ಬಿಟ್ಟು ನೋಂದಣಿಯನ್ನೇ ಕಳೆದುಕೊಂಡವರನ್ನು ಕಂಡು ಬಹಳ ಮರುಗಿದ್ದೇನೆ.

ಪ್ರಶ್ನೆ (ಅರಸೀಕೆರೆಯ ಸದಸ್ಯ):

ನಮ್ಮೂರ ಕಲ್ಯಾಣಿಯ ಹೂಳು ತೆಗೆಸುತ್ತಿದ್ದೇವೆ. ನಮ್ಮೂರಿನವರೇ ಒಬ್ಬರು ಅಮೆರಿಕದಲ್ಲಿದ್ದಾರೆ. ತಾವೂ ಕೊಡುತ್ತೇನೆ, ಅಲ್ಲಿನ ಒಂದು ಕುಟುಂಬದ ಫೌಂಡೇಶನ್ನಿನಿಂದಲೂ ಕೊಡಿಸುತ್ತೇನೆ ಎನ್ನುತ್ತಾರೆ. ನೇರವಾಗಿ ಸಂಘದ ಖಾತೆಗೆ ಹಾಕಿಸಬಹುದೇ?

ಉತ್ತರ:

ದಯವಿಟ್ಟು ಅವಸರ ಮಾಡಬೇಡಿ. ಅವರ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ ಎಂದು ಮೊದಲು ಕೇಳಿ. ಇನ್ನೂ ಭಾರತದ ಪ್ರಜೆಯೇ ಆಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಹೊಂದಿದ್ದರೆ ಅದು ವಿದೇಶಿ ದೇಣಿಗೆ. ಅಲ್ಲಿನ ಫೌಂಡೇಶನ್ನಿನ ಹಣವಂತೂ ವಿದೇಶಿಯೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅನುಮತಿ ಬೇಕು. ನೋಂದಣಿಗೆ ಸಂಸ್ಥೆ ಮೂರು ವರ್ಷ ನಡೆದಿರಬೇಕು, ಆ ಮೂರು ವರ್ಷಗಳಲ್ಲಿ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ಖರ್ಚು ಮಾಡಿರಬೇಕು. ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ಎಫ್‌ಸಿಆರ್‌ಎ ಇರುವ ಬೇರೆ ಸಂಸ್ಥೆಯ ಮೂಲಕ ತರಿಸಿಕೊಳ್ಳೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2020ರ ತಿದ್ದುಪಡಿ ಅದನ್ನು ನಿಷೇಧಿಸಿದೆ. ಒಂದು ಕಲ್ಯಾಣಿಯ ಹೂಳಿಗೆ ಇಷ್ಟೆಲ್ಲ ಬೇಕಿಲ್ಲ, ಇಲ್ಲಿಯ ದಾನಿಗಳೇ ಸಾಕಾಗುತ್ತಾರೆ.

ಪ್ರಶ್ನೆ (ಮೂಡಿಗೆರೆಯ ಸದಸ್ಯೆ):

ನಾವು ತೋಟದ ವಯಸ್ಸಾದ ಕಾರ್ಮಿಕರ ಕಣ್ಣಿನ ತಪಾಸಣೆ ಮಾಡಿಸುತ್ತೇವೆ. ಒಂದು ಪ್ರತಿಷ್ಠಾನದವರು ಬಂದು ನೋಡಿ ಮೆಚ್ಚಿದರು. ಆದರೆ ಯುವಕರಿಗೆ ಕಂಪ್ಯೂಟರ್ ತರಬೇತಿ ಶುರು ಮಾಡುವುದಾದರೆ ಹಣ ಕೊಡುತ್ತೇವೆ ಎನ್ನುತ್ತಿದ್ದಾರೆ. ಬಿಡಲು ಮನಸ್ಸು ಬರುತ್ತಿಲ್ಲ.

ಉತ್ತರ:

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಎನ್ನುತ್ತೇನೆ. ನಾನು ಕೆಲಸದಲ್ಲಿದ್ದಾಗ ಬಾಣಂತಿಯರ ಆರೈಕೆಯಲ್ಲಿ ಪಳಗಿದ್ದ ಒಂದು ಸಂಸ್ಥೆ ದಾನಿಯ ಇಚ್ಛೆಗೆ ತಕ್ಕಂತೆ ಬೇರೆ ಕೆಲಸ ಹಿಡಿಯಿತು. ಎರಡೇ ವರ್ಷದಲ್ಲಿ ಆ ದಾನಿಯ ಮನೆಯ ಮುಂದಿನ ತಲೆಮಾರಿನವರು ಟ್ರಸ್ಟಿಗಳಾದರು, ಅವರ ಆಸಕ್ತಿ ಬೇರೆಯಾಗಿತ್ತು, ಹಣ ನಿಂತಿತು. ಅಷ್ಟರಲ್ಲಿ ಹಳೆಯ ದಾದಿಯರು ಬಿಟ್ಟುಹೋಗಿದ್ದರು. ನಿಮ್ಮಲ್ಲಿಗೆ ಬಂದ ಪ್ರತಿಷ್ಠಾನದವರಿಗೆ ವಿನಯದಿಂದ ಬರೆಯಿರಿ: ಕಂಪ್ಯೂಟರ್ ತರಬೇತಿ ನಮಗೆ ತಿಳಿದ ಕೆಲಸವಲ್ಲ, ಅದನ್ನು ಚೆನ್ನಾಗಿ ಮಾಡುತ್ತಿರುವವರು ಇಂಥವರು ಎಂದು ತಿಳಿಸಿ. ಅವರು ಮೆಚ್ಚಿದ್ದು ನಿಜವಾದರೆ ಸಂಬಂಧ ಉಳಿಯುತ್ತದೆ. ವರ್ಷಕ್ಕೊಮ್ಮೆ ನಿಮ್ಮ ಕೆಲಸದ ಎರಡು ಪುಟದ ವರದಿಯನ್ನು ಏನೂ ಕೇಳದೆ ಕಳಿಸುತ್ತಿರಿ.

ಸಕಲೇಶಪುರದ ಸದಸ್ಯೆ:

ಅಕ್ಕ, ಪತ್ರವನ್ನು ಹೊಸದಾಗಿ ಶುರು ಮಾಡಿದ್ದೇನೆ. ಮೊದಲ ಸಾಲುಗಳು ಹೀಗಿವೆ: ‘ಶಿಕ್ಷಣವು ಪ್ರತಿಯೊಂದು ಮಗುವಿನ ಮೂಲಭೂತ ಹಕ್ಕು. ನಮ್ಮ ಸಂಸ್ಥೆ ಗ್ರಾಮೀಣ ಮಕ್ಕಳ ಸರ್ವಾಂಗೀಣ ಅಭಿವೃದ್ಧಿಗಾಗಿ ಶ್ರಮಿಸುತ್ತಿದೆ. ಮಳೆಗಾಲದಲ್ಲಿ ಹಾಜರಿ ಸ್ವಲ್ಪ ಕಡಿಮೆಯಾಗುತ್ತದೆ.’ ಕೊನೆಯ ವಾಕ್ಯ ತೆಗೆದುಬಿಡಲೇ?

ಉತ್ತರ:

ಅದೊಂದನ್ನು ಇಟ್ಟುಕೊಂಡು ಮೊದಲಿನ ಎರಡನ್ನು ತೆಗೆಯಿರಿ. ‘ಸ್ವಲ್ಪ’ ಎಂದರೆ ಎಷ್ಟು? ಹಾಜರಿ ಪುಸ್ತಕ ತೆಗೆದು ನೋಡಿ ಹೇಳಿ. ಏಕೆ ಕಡಿಮೆಯಾಗುತ್ತದೆ, ಆಗ ನೀವು ಏನು ಮಾಡಿದಿರಿ?

ಸಕಲೇಶಪುರದ ಸದಸ್ಯೆ:

ಕಳೆದ ಜುಲೈನಲ್ಲಿ 46ರಲ್ಲಿ 17 ಮಕ್ಕಳು ಬರುತ್ತಿದ್ದರು. ಹಳ್ಳ ತುಂಬಿ ಕಾಲುಸಂಕ ದಾಟಲು ಆಗುವುದಿಲ್ಲ. ಸಂಜೆ ಆನೆ ಇಳಿಯುತ್ತದೆಂದು ತಾಯಂದಿರು ಕಳಿಸುವುದಿಲ್ಲ. ಆಗಸ್ಟ್‌ನಿಂದ ಶಾಲೆ ಬಿಟ್ಟ ಕೂಡಲೇ ಅಲ್ಲಿಯೇ ಜಗುಲಿಯಲ್ಲಿ ಒಂದು ಗಂಟೆ ಓದಿಸಿ, ಕತ್ತಲಾಗುವ ಮೊದಲು ಜೀಪಿನಲ್ಲಿ ಮನೆ ಮುಟ್ಟಿಸಿದೆವು. 38ರವರೆಗೆ ಏರಿತು.

ಉತ್ತರ:

ತಂಗಿ, ನಿಮ್ಮ ಅರ್ಜಿಯ ಮೊದಲ ಪ್ಯಾರಾ ಇದೇ. ಒಂದು ಪದವನ್ನೂ ಬದಲಿಸಬೇಡಿ. ಆದರೆ ಜೀಪಿನ ಬಾಡಿಗೆ ನೀವು ಕಳಿಸಿದ ಪಟ್ಟಿಯಲ್ಲಿ ಇಲ್ಲವಲ್ಲ, ಯಾರು ಕೊಡುತ್ತಿದ್ದಾರೆ? ನಿಮ್ಮ ಕೈಯಿಂದಲೇ ಹೋಗುತ್ತಿದ್ದರೆ ಅದನ್ನೂ ತಿಂಗಳ ಲೆಕ್ಕದಲ್ಲಿ ಸೇರಿಸಿ. ಮಂಗಳವಾರ ಸಂಜೆಯೊಳಗೆ ಕರಡನ್ನು ಕಳಿಸಿ, ಓದಿ ಹೇಳುತ್ತೇನೆ.